ಕೊಯ್ದ ಹುಲ್ಲು ಯಾರು ತಿಂತಾರ?

ಹೋದ ಶ್ರಾವಣದಾಗ ಅವ್ವ ಫೋನ್ ಮಾಡಿ, "ಯಪ್ಪಾ, ಹಿತ್ತಲದಾಗ ಹುಲ್ಲ ಮೊಣಕಾಲಮಟ ಬೆಳದೈತಿ. ನಿನ್ನಿ ಹಾವು ಹರದ ಹೋತು. ಏನರ ಮಾಡು" ಅಂದಳು.

ಬೆಂಗಳೂರಿನ ಆಫೀಸಿನ ಲಾನ್ ಮೇಲೆ ಬರ್ರ್ ಅಂತ ಓಡಾಡುವ ಯಂತ್ರವನ್ನು ದಿನಾ ನೋಡುವ ನನಗೆ ಇದು ಸಣ್ಣ ಸಮಸ್ಯೆ ಅನ್ನಿಸಿತು. ಒಂದು ಲಾನ್‌ಮೋವರ್ ಹುಕ್ಕೇರಿಗೆ ತಗೊಂಡು ಹೋದರಾಯ್ತು. ರಾತ್ರಿಯೇ ಕೂತು ಎಕ್ಸೆಲ್ ಶೀಟ್ ಮಾಡಿದೆ. ಬೆಲೆ, ಬ್ಲೇಡಿನ ಅಗಲ, ಪೆಟ್ರೋಲೋ ಕರೆಂಟೋ, ತೂಕ ಎಷ್ಟು. ನಮ್ಮ ವೃತ್ತಿಯವರ ರೋಗ ಅದು. ಶೀಟ್ ತುಂಬಿದ ಮೇಲೆ ಒಂದು ಪ್ರಶ್ನೆ ತಲೆಗೆ ಬಂತು. ಅದೇ ಹಿತ್ತಲು, ಅದೇ ಹುಲ್ಲು. ಮೂವತ್ತು ವರ್ಷ ನಮಗೆ ಈ ಯಂತ್ರ ಯಾಕೆ ಬೇಕಾಗಿರಲಿಲ್ಲ?

ಉತ್ತರ ಸರಳ. ಮನೆಯಲ್ಲಿ ಎರಡು ಎಮ್ಮೆ ಇದ್ದವು. ದಿನಾ ಸಂಜಿಮುಂದ ಅವ್ವ ಕುಡಗೋಲು ಹಿಡಿದು ಕೂರುತ್ತಿದ್ದಳು. ಹುಲ್ಲಿಗೆ ನಾಲ್ಕು ಬೆರಳಿಗಿಂತ ಎತ್ತರ ಬೆಳೆಯಲು ಪುರಸೊತ್ತೇ ಇರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವ್ವನ ಮೊಣಕಾಲು ಕೈಕೊಟ್ಟವು. ಎಮ್ಮೆ ಮಾರಿದೆವು. ಹುಲ್ಲು ಉಳಿಯಿತು.

ಲಾನ್‌ಮೋವರಿನ ಚರಿತ್ರೆ ಓದಿದಾಗ ಗೊತ್ತಾಗಿದ್ದೇನೆಂದರೆ, ಇಂಗ್ಲೆಂಡಿನಲ್ಲೂ ಕಥೆ ಶುರುವಾಗೋದು ಮೇಯುವ ದನಕುರಿಗಳಿಂದಲೇ. 18ನೇ ಶತಮಾನದ ದೊಡ್ಡ ಜಮೀನುದಾರರ ಬಂಗಲೆಗಳ ಮುಂದಿನ ಹುಲ್ಲನ್ನು ಕುರಿಗಳು ಮೇಯುತ್ತಿದ್ದವು. ಅವು ಬಾಗಿಲ ತನಕ ಬರಬಾರದು, ಆದರೆ ಬೇಲಿಯೂ ಕಣ್ಣಿಗೆ ಬೀಳಬಾರದು ಅಂತ ನಡುವೆ ಕಂದಕ ತೋಡಿಸುತ್ತಿದ್ದರು. ಅದಕ್ಕೆ 'ಹಾ-ಹಾ' ಅಂತ ಹೆಸರು! ಮನೆಯ ಹತ್ತಿರದ ಹುಲ್ಲನ್ನು ಉದ್ದ ಹಿಡಿಯ ಕುಡುಗೋಲಿನಿಂದ ಆಳುಗಳು ಸವರುತ್ತಿದ್ದರು, ಅದೂ ನಸುಕಿನಲ್ಲಿ, ಇಬ್ಬನಿ ಆರುವ ಮೊದಲು. ಒದ್ದೆ ಹುಲ್ಲು ಚೆನ್ನಾಗಿ ಕೊಯ್ಯಲು ಬರುತ್ತದೆ. ಇದು ನಮ್ಮವ್ವನಿಗೂ ಗೊತ್ತು.

ಯಂತ್ರ ಹುಟ್ಟಿದ್ದು ಬಟ್ಟೆ ಮಿಲ್ಲಿನ ಊರಿನಲ್ಲಿ. ಗ್ಲೌಸ್ಟರ್‌ಶೈರಿನ ಸ್ಟ್ರೌಡ್ ಕಣಿವೆಯ ತುಂಬಾ ಹೊಳೆಯ ನೀರಿನಿಂದ ತಿರುಗುವ ಉಣ್ಣೆ ಮಿಲ್ಲುಗಳಿದ್ದವು. ಘಟಪ್ರಭೆಯ ಧಬಧಬೆಯ ಪಕ್ಕದ ಗೋಕಾಕ ಮಿಲ್ ನೋಡಿ ಬೆಳೆದ ನಮಗೆ ಆ ಚಿತ್ರ ಕಟ್ಟಿಕೊಳ್ಳೋದು ಕಷ್ಟವಲ್ಲ. ನೇಯ್ದ ಉಣ್ಣೆ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸಮ ಮಾಡಲು ಆ ಮಿಲ್ಲುಗಳಲ್ಲಿ ಸುರುಳಿ ಬ್ಲೇಡಿನ ಉರುಳೆ ಇರುತ್ತಿತ್ತು. ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ ಅದನ್ನು ನೋಡಿ, ಎಳೆ ಕತ್ತರಿಸುವುದು ಹುಲ್ಲನ್ನೂ ಕತ್ತರಿಸೀತು ಅಂದುಕೊಂಡ. 1830ರಲ್ಲಿ ಪೇಟೆಂಟ್ ಪಡೆದ. 19 ಇಂಚು ಅಗಲದ, ಒಬ್ಬರು ಹಿಂದಿನಿಂದ ತಳ್ಳುವ ಕಬ್ಬಿಣದ ಗಾಡಿ ಅದು. ನೆರೆಯವರು ನಕ್ಕಾರು ಅಂತ ರಾತ್ರಿ ಹೊತ್ತು ಪರೀಕ್ಷೆ ಮಾಡುತ್ತಿದ್ದ ಅಂತಲೂ ಕಥೆ ಹೇಳ್ತಾರೆ.

1842ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶ್ಯಾಂಕ್ಸ್ ಕುದುರೆ ಎಳೆಯುವ ಮೋವರ್ ಮಾಡಿದ. ಗೊರಸಿನ ಗುರುತು ಲಾನಿನ ಮೇಲೆ ಮೂಡಬಾರದೆಂದು ಇಂಥ ಕುದುರೆಗಳಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. ಭಾರತದ ಮೈದಾನಗಳಲ್ಲಿ ಆ ಕೆಲಸ ಎತ್ತುಗಳಿಗೆ ಬಂತು. ಹುಲ್ಲು ತಿನ್ನಬೇಕಾದ ಪ್ರಾಣಿ ಹುಲ್ಲು ಕೊಯ್ಯುವ ಯಂತ್ರ ಎಳೆಯಿತು!

1902ರಲ್ಲಿ ಇಂಗ್ಲೆಂಡಿನ ರ‍್ಯಾನ್ಸಮ್ಸ್ ಕಂಪನಿ ಪೆಟ್ರೋಲ್ ಮೋವರ್ ಮಾರಾಟಕ್ಕಿಟ್ಟಿತು. 1952ರಲ್ಲಿ ಸಿಡ್ನಿಯ ಮರ್ವಿನ್ ರಿಚರ್ಡ್‌ಸನ್, ಪೀಚ್ ಹಣ್ಣಿನ ಖಾಲಿ ಡಬ್ಬಿಯನ್ನೇ ಪೆಟ್ರೋಲ್ ಟ್ಯಾಂಕ್ ಮಾಡಿ, ಫ್ಯಾನಿನಂತೆ ತಿರುಗುವ ಬ್ಲೇಡಿನ ಮೋವರ್ ಕಟ್ಟಿದ. ವಿಕ್ಟಾ ಎಂಬ ಹೆಸರಿನಲ್ಲಿ ಅದು ಆಸ್ಟ್ರೇಲಿಯಾದಲ್ಲಿ ಮನೆಮಾತಾಯಿತು. ಕುರಿಗಳು ಮಾತ್ರ ಪೂರಾ ಸೋಲಲಿಲ್ಲ. ಮೊದಲ ಮಹಾಯುದ್ಧದ ವೇಳೆ ಅಮೆರಿಕದ ಅಧ್ಯಕ್ಷ ವಿಲ್ಸನ್ ಶ್ವೇತಭವನದ ಹುಲ್ಲಿಗೆ ಕುರಿ ಬಿಡಿಸಿ, ಅವುಗಳ ಉಣ್ಣೆ ಹರಾಜು ಹಾಕಿಸಿ, ಹಣವನ್ನು ರೆಡ್ ಕ್ರಾಸಿಗೆ ಕೊಡಿಸಿದರು.

ಈಗ ನನ್ನ ಎಕ್ಸೆಲ್ ಶೀಟಿಗೆ ಬರೋಣ. ಬಡ್ಡಿಂಗ್‌ನ ಉರುಳೆ ಮೋವರ್ ಈಗಲೂ ಸಿಗುತ್ತದೆ. ಕತ್ತರಿಯ ಹಾಗೆ ಕೊಯ್ಯುತ್ತದೆ, ಪೆಟ್ರೋಲ್ ಬೇಡ, ಸದ್ದಿಲ್ಲ. ಸಮತಟ್ಟಾದ ಸಣ್ಣ ಅಂಗಳದಲ್ಲಿ ಕರಿಕಿ ಬೆಳೆಸಿ ವಾರಕ್ಕೊಮ್ಮೆ ತಳ್ಳುವವರಿಗೆ ಅದೇ ಸರಿ. ಉದ್ದ ಹುಲ್ಲಿಗೆ ಮಾತ್ರ ಸಿಕ್ಕಿ ನಿಂತುಬಿಡುತ್ತದೆ. ವಿಕ್ಟಾ ಜಾತಿಯದು ಉದ್ದ ಹುಲ್ಲನ್ನೂ ಹೊಡೆಯುತ್ತದೆ, ಆದರೆ ಚೂರುಚೂರು ಮಾಡುತ್ತದೆ. ವೈರಿನ ಕರೆಂಟ್ ಮೋವರ್ ಹಗುರ, ಅಗ್ಗ. ನಮ್ಮ ತಾಲೂಕಿಗೆ 1969ರಲ್ಲೇ ಸ್ವಂತ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದೆ ಅಂತ ನಾವು ಎದೆಯುಬ್ಬಿಸಿ ಹೇಳಿಕೊಂಡರೂ, ಜಡಿಮಳೆಯ ಒದ್ದೆ ಹುಲ್ಲಿನಲ್ಲಿ ವೈರ್ ಎಳೆದುಕೊಂಡು ಅವ್ವ ತಿರುಗಾಡೋದು ನನಗೆ ಬೇಡವಾಗಿತ್ತು.

ಯಾವುದನ್ನು ಆರಿಸಲಿ ಅಂತ ಅವ್ವನನ್ನೇ ಕೇಳಿದೆ. ಅವಳದು ಒಂದೇ ಪ್ರಶ್ನೆ: "ಕೊಯ್ದ ಹುಲ್ಲು ಏನ ಮಾಡ್ತಿ? ಯಾರು ತಿಂತಾರ?"

ನನ್ನ ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ. ಯಾವ ಕಂಪನಿಯ ಜಾಹೀರಾತಿನಲ್ಲೂ ಇರೋದಿಲ್ಲ. ಯಾಕಂದರೆ ಲಾನ್‌ಮೋವರ್ ಅನ್ನೋದು, ಹುಲ್ಲನ್ನು ಯಾರೂ ತಿನ್ನಬೇಕಾಗಿಲ್ಲ ಅನ್ನುವವರಿಗಾಗಿ ಹುಟ್ಟಿದ ಯಂತ್ರ. ನನ್ನ ನೆಲಕ್ಕೆ ಮೇವು ಬೆಳೆಯುವ ದರ್ದಿಲ್ಲ ಅಂತ ಶ್ರೀಮಂತರು ಸಾರುತ್ತಿದ್ದ ರೀತಿ ಅದು. ನಮ್ಮ ಹಿತ್ತಲಿಗೆ ಲಾನ್ ಬಂದಿದ್ದು ಶ್ರೀಮಂತಿಕೆಯಿಂದ ಅಲ್ಲ. ನಾನು ಊರು ಬಿಟ್ಟೆ, ಅವ್ವನ ಕಾಲು ಸೋತವು, ಎಮ್ಮೆ ಹೋದವು. ಹುಲ್ಲು ಮೇವಾಗಿದ್ದದ್ದು ಕಸವಾಯಿತು.

ಎದುರುಮನಿ ಕಾಕೂನ ಹಟ್ಟಿಯಲ್ಲಿ ಇನ್ನೂ ಒಂದು ಎಮ್ಮೆ ಇದೆ. ಬೇಸಿಗೆಯಲ್ಲಿ ಕಣಕಿಗೆ ದುಡ್ಡು ಕೊಟ್ಟೇ ಸಾಕುತ್ತಾರೆ. ಚೂರು ಮಾಡಿದ ಹಸಿ ಹುಲ್ಲು ಗುಡ್ಡೆ ಹಾಕಿದರೆ ಕಾವೇರಿ ಬೇಗ ಕೊಳೆಯುತ್ತದೆ. ದನಕ್ಕೆ ಬೇಕಾದ್ದು ಬುಡದಲ್ಲಿ ಕೊಯ್ದ ಉದ್ದ ಹುಲ್ಲು. ಹಾಗಾಗಿ ಲಾನ್‌ಮೋವರ್ ಬಿಟ್ಟು, ಹೆಗಲಿಗೆ ಹಾಕಿಕೊಳ್ಳುವ, ಕಬ್ಬಿಣದ ಬ್ಲೇಡಿನ ಬ್ರಷ್ ಕಟರ್ ತಂದೆ. ಕಾಕೂನ ಮಗ ಹದಿನೈದು ದಿನಕ್ಕೊಮ್ಮೆ ಬೂಟು, ಕನ್ನಡಕ ಹಾಕಿಕೊಂಡು ನಮ್ಮ ಹಿತ್ತಲು ಹೊಡೆದು ಮೇವು ಒಯ್ಯುತ್ತಾನೆ. ಯಂತ್ರ ನಮ್ಮದು, ಪೆಟ್ರೋಲ್ ಅವನದು.

ಮೊನ್ನೆ ಫೋನಿನಲ್ಲಿ, "ಹಾವಿನ ಚಿಂತಿ ಹೋತಲ್ಲ ಅವ್ವಾ?" ಅಂದೆ.

"ಹಾವಿಂದ ಇರಲಿ, ಕಾಕೂ ದಿನಾ ಒಂದ ತಂಬಗಿ ಹಾಲ ಕೊಡಾಕತ್ಯಾಳ. ಎರಡ ವರ್ಷದ ಮ್ಯಾಲೆ ಮನ್ಯಾಗ ಮೊಸರ ಹೆಪ್ಪ ಹಾಕೀನಿ ನೋಡು" ಅಂದಳು.