ಶಸ್ತ್ರಚಿಕಿತ್ಸೆಯ ರೋಗಿಗಳ ಪೋಷಣೆ: ಇತಿಹಾಸ

ಶಸ್ತ್ರಚಿಕಿತ್ಸೆಗೆ ದಾಖಲಾದ ರೋಗಿಯ ಪೋಷಣಾ ಸ್ಥಿತಿಯನ್ನು ಅಳೆದು, ಕೊರತೆ ಕಂಡರೆ ಬಾಯಿ, ನಳಿಕೆ ಅಥವಾ ರಕ್ತನಾಳದ ಮೂಲಕ ಆಹಾರ ಒದಗಿಸುವ ಚಿಕಿತ್ಸಾ ಕ್ರಮ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ರಕ್ತನಾಳದ ಮೂಲಕವೇ ಪೂರ್ಣ ಆಹಾರ ಕೊಡಬಹುದೆಂದು ತೋರಿಸಿದ 1968ರಿಂದ ಹೇಳುವುದುಂಟು. ಆ ಹೊತ್ತಿಗೆ ಸಿಕ್ಕಿದ್ದು ಉಣಿಸುವ ದಾರಿ ಮಾತ್ರ. ಯಾರಿಗೆ ಉಣಿಸಬೇಕು ಎಂಬ ಪ್ರಶ್ನೆ ಅದಕ್ಕಿಂತ ಹಳೆಯದು.

ಆರಂಭ: 1936ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಹೈರಮ್ ಸ್ಟಡ್ಲಿ, ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ವಿವರ ಪ್ರಕಟಿಸಿದರು. ಮೊದಲೇ ಶೇ. 20ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರಲ್ಲಿ ಮೂರನೇ ಒಂದರಷ್ಟು ಮಂದಿ ತೀರಿಕೊಂಡರು. ಉಳಿದವರಲ್ಲಿ ಸಾವು ಶೇ. 3.5. ಅದೇ ದಶಕದಲ್ಲಿ ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್, ಮೂಳೆ ಮುರಿದವರ ಮೂತ್ರದಲ್ಲಿ ಸಾರಜನಕ ಏರುವುದನ್ನು ಅಳೆದು, ಗಾಯಗೊಂಡ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ ಎಂದು ತೋರಿಸಿದರು.

ರಕ್ತನಾಳದ ದಾರಿ: ಫ್ರೆಂಚ್ ವೈದ್ಯ ರಾಬೆರ್ ಓಬನ್ಯಾಕ್ 1952ರಲ್ಲಿ ಕೊರಳೆಲುಬಿನ ಕೆಳಗಿನ ದೊಡ್ಡ ಅಭಿಧಮನಿಗೆ ಸೂಜಿ ಹಾಕುವ ವಿಧಾನ ವಿವರಿಸಿದರು. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಸೋಯಾ ಎಣ್ಣೆಯ ಸುರಕ್ಷಿತ ಕೊಬ್ಬಿನ ದ್ರಾವಣ ರೂಪಿಸಿದರು. ಫಿಲಡೆಲ್ಫಿಯಾದ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು ಬೀಗಲ್ ನಾಯಿಮರಿಗಳನ್ನೂ, ಅನಂತರ ಕರುಳು ಕೆಲಸ ಮಾಡದ ಹಸುಗೂಸನ್ನೂ ರಕ್ತನಾಳದ ಆಹಾರದಿಂದಲೇ ಬೆಳೆಸಿದರು.

ಎಣಿಕೆಯ ಗೊಂದಲ: 1974ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್, ಆಸ್ಪತ್ರೆಯೊಳಗೇ ರೋಗಿಗಳು ಸೊರಗುತ್ತಿದ್ದಾರೆಂದು ಬರೆದರು. ಅದೇ ವರ್ಷದ ಬಾಸ್ಟನ್ ಸಮೀಕ್ಷೆ ಶಸ್ತ್ರಚಿಕಿತ್ಸಾ ವಾರ್ಡಿನ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಪ್ರೋಟೀನ್ ಕೊರತೆ ಕಂಡಿತು. 1994ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ಅಧ್ಯಯನ, ಆಸ್ಪತ್ರೆಗೆ ದಾಖಲಾದ 500ರಲ್ಲಿ 200 ಮಂದಿ ಅಪೌಷ್ಟಿಕರು ಎಂದಿತು. ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ, ಅಳತೆಗೋಲುಗಳೇ ಬೇರೆ. ಪೋಷಣೆಯ ಅಳತೆಯೆಂದು ಬಹುಕಾಲ ನಂಬಿದ್ದ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್ ಉರಿಯೂತದಿಂದಲೂ ಇಳಿಯುತ್ತದೆ. ಆದ್ದರಿಂದ ಅದು ಊಟದ ಕೊರತೆಗಿಂತ ಕಾಯಿಲೆಯ ತೀವ್ರತೆಯನ್ನೇ ಹೆಚ್ಚಾಗಿ ಹೇಳುತ್ತದೆ.

1991ರ ಅಧ್ಯಯನ: ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 395 ರೋಗಿಗಳ ಮೇಲೆ ನಡೆದ ಈ ಪ್ರಯೋಗವನ್ನು ರಕ್ತನಾಳದ ಆಹಾರದ ಸೋಲೆಂದು ಉಲ್ಲೇಖಿಸುವವರಿದ್ದಾರೆ. ಅದು ಅರ್ಧ ಓದು. ಶಸ್ತ್ರಚಿಕಿತ್ಸೆಗೆ ಮುನ್ನ 7ರಿಂದ 15 ದಿನ ಈ ಆಹಾರ ಪಡೆದವರಲ್ಲಿ ಸೋಂಕು ಶೇ. 14.1, ಪಡೆಯದವರಲ್ಲಿ ಶೇ. 6.4. ಆದರೆ ಹೆಚ್ಚಿದ ಸೋಂಕು ಕಂಡದ್ದು ಕೊರತೆ ಅಲ್ಪವಾಗಿದ್ದವರಲ್ಲಿ. ತೀವ್ರವಾಗಿ ಸೊರಗಿದವರಲ್ಲಿ ಸೋಂಕೇತರ ತೊಡಕುಗಳು ಶೇ. 43ರಿಂದ 5ಕ್ಕೆ ಇಳಿದಿದ್ದವು. ಎಲ್ಲರಿಗೂ ಉಣಿಸುವುದು ಹಾನಿ, ಸೊರಗಿದವರನ್ನು ಕೈಬಿಡುವುದೂ ಹಾನಿ ಎಂಬುದೇ ಇದರ ಪೂರ್ಣ ಪಾಠ.

ಅನಂತರ: ಅಪಾಯದಲ್ಲಿರುವವರನ್ನು ಮೊದಲು ಗುರುತಿಸುವ ಕ್ರಮ ಇಲ್ಲಿಂದ ಬಲಗೊಂಡಿತು. ಡೆನ್ಮಾರ್ಕಿನ ಯೆನ್ಸ್ ಕೊಂಡ್ರುಪ್ ಬಳಗ 2003ರಲ್ಲಿ ಪ್ರಕಟಿಸಿದ ಎನ್‌ಆರ್‌ಎಸ್-2002 ಎಂಬ ಅಳತೆಗೋಲು, ಪೋಷಣೆಯ ಕೊರತೆ ಮತ್ತು ಕಾಯಿಲೆಯ ತೀವ್ರತೆಗೆ ಅಂಕ ಕೊಡುತ್ತದೆ. 70 ತುಂಬಿದವರಿಗೆ ಒಂದು ಅಂಕ ಹೆಚ್ಚು. ಒಟ್ಟು 3 ಅಥವಾ ಮೇಲಾದರೆ ಪೋಷಣಾ ಯೋಜನೆ ಬೇಕು. ಕರುಳು ಕೆಲಸ ಮಾಡುತ್ತಿದ್ದರೆ ಅದರ ಮೂಲಕವೇ ಉಣಿಸುವುದು, ಶಸ್ತ್ರಚಿಕಿತ್ಸೆಯ ನಂತರ ಬೇಗ ಊಟ ಆರಂಭಿಸುವುದು ರೂಢಿಯಾಯಿತು.

ಅಪೌಷ್ಟಿಕತೆಯನ್ನು ಗುರುತಿಸಲು ರೂಪಿಸಿದ 2019ರ ಅಂತರರಾಷ್ಟ್ರೀಯ ‘ಗ್ಲಿಮ್’ ಮಾನದಂಡಗಳು ಉರಿಯೂತವನ್ನು ಅದರ ಕಾರಣಗಳ ಸಾಲಿಗೆ ಸೇರಿಸಿ ಹಳೆಯ ಗೊಂದಲವನ್ನು ತಿಳಿಯಾಗಿಸಿದವು. ಲಕ್ಷಣಗಳ ಸಾಲಿನಲ್ಲಿ ಮೊದಲಿಗಿರುವುದು ಸ್ಟಡ್ಲಿ ಲೆಕ್ಕವಿಟ್ಟಿದ್ದ ತೂಕದ ಇಳಿಕೆಯೇ.