ಗಿರಣಿ ಜಾಗದ ಮೂರು ಪಾಲು

ಉದ್ಯಮಿ ಕಾವಸ್‌ಜಿ ದಾವರ್ 1854ರಲ್ಲಿ ಮುಂಬೈಯ ತಾಡ್‌ದೇವ್‌ನಲ್ಲಿ ನೂಲಿನ ಗಿರಣಿಗೆ ಕಂಪನಿ ಕಟ್ಟಿದ. ಮುಂದಿನ ದಶಕಗಳಲ್ಲಿ ಪರೇಲ್, ಲಾಲ್‌ಬಾಗ್, ವರ್ಲಿ ತುಂಬ ಚಿಮಣಿಗಳೆದ್ದು ಆ ಸೀಮೆಗೆ ಗಿರಣ್‌ಗಾಂವ್ ಎಂಬ ಹೆಸರಾಯಿತು. ಕೊಂಕಣ, ಸಾತಾರಾ ಕಡೆಯಿಂದ ಗಿರಣಿ ಕೆಲಸಕ್ಕೆ ಬಂದ ಗಂಡಸರು ಚಾಳು ಎಂಬ ವಠಾರದ ಒಂದೇ ಖೋಲಿಯಲ್ಲಿ ಗುಂಪಾಗಿ ಇರುತ್ತಿದ್ದರು. ಒಂದು ಪಾಳಿಯವರು ಎದ್ದು ಹೋದರೆ ಅದೇ ಜಾಗದಲ್ಲಿ ಇನ್ನೊಂದು ಪಾಳಿಯವರು ಒರಗುತ್ತಿದ್ದರು. ಊಟ ಹೆಂಗಸರು ನಡೆಸುವ ಖಾನಾವಳಿಯಲ್ಲಿ. ಭಜನೆ, ಗಣೇಶೋತ್ಸವ ಚಾಳಿನ ಅಂಗಳದಲ್ಲಿ. ಮನೆ, ಕೆಲಸ, ಅಂಗಡಿ, ಮನರಂಜನೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಇಂದು ಬಿಲ್ಡರುಗಳು ದುಬಾರಿ ಬೆಲೆಗೆ ಮಾರುವ ಈ ಅನುಕೂಲ ಅಂದು ಬಡವರ ಅನಿವಾರ್ಯತೆಯಾಗಿತ್ತು.

1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಮೊದಲೇ ಸೊರಗಿದ್ದ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಬಟ್ಟೆಗಿಂತ ನೆಲಕ್ಕೇ ಬೆಲೆ ಹೆಚ್ಚಾಯಿತು.

ಆ ನೆಲ ಯಾರದು? 1991ರ ನಗರಾಭಿವೃದ್ಧಿ ನಿಯಮ ಅದನ್ನು ಮೂರು ಪಾಲು ಮಾಡಿತು: ಒಂದು ನಗರದ ಉದ್ಯಾನ, ಮೈದಾನಗಳಿಗೆ, ಒಂದು ಸರ್ಕಾರಿ ವಸತಿಗೆ, ಒಂದು ಮಾಲೀಕರಿಗೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ಸಮಿತಿ ಮಿಲ್ಲುಗಳ ಜಾಗವನ್ನು ಒಟ್ಟಾಗಿ ನೋಡುವ ಯೋಜನೆ ರೂಪಿಸಿತು.

ಆದರೆ 1991ರ ನಿಯಮಕ್ಕೆ 2001ರಲ್ಲಿ ಬಂದ ತಿದ್ದುಪಡಿ ಲೆಕ್ಕವನ್ನೇ ಬುಡಮೇಲು ಮಾಡಿತು. ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಮೂರು ಪಾಲು ಎಂದಾಯಿತು. ಶೆಡ್ಡು, ಗೋದಾಮುಗಳಿಂದಲೇ ತುಂಬಿದ್ದ ಮಿಲ್ಲಿನಲ್ಲಿ ಖಾಲಿ ಜಾಗ ಎಷ್ಟಿದ್ದೀತು? 2005ರಲ್ಲಿ ಬಾಂಬೆ ಹೈಕೋರ್ಟ್ ನಗರದ ಪರ ನಿಂತರೂ, 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಕೊರಿಯಾ ಸಮಿತಿಯ ಒಟ್ಟು ನೋಟ ಬದಿಗುಳಿದು ಪ್ರತಿ ಮಿಲ್ಲೂ ತನ್ನ ಪಾಡಿಗೆ ತಾನು ಬದಲಾಯಿತು. 1905ರ ಫೀನಿಕ್ಸ್ ಮಿಲ್ ಮಾಲ್ ಆಯಿತು. ಕಮಲಾ ಮಿಲ್ಸ್‌ನಲ್ಲಿ ಕಚೇರಿ, ಪಬ್, ಹೋಟೆಲುಗಳು ತುಂಬಿದವು. ಒಳಗೆ ಹೊಸ ಗೋಪುರಗಳು ಎದ್ದವು, ಹೊರಗಿನ ರಸ್ತೆ, ರೈಲು ನಿಲ್ದಾಣ ಮಾತ್ರ ಹಳೆಯವೇ ಉಳಿದವು. 2017ರ ಸೆಪ್ಟೆಂಬರ್ 29ರಂದು ಪರೇಲ್ ಪಕ್ಕದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಕಾಲುಸೇತುವೆಯಲ್ಲಿ ಕಾಲ್ತುಳಿತವಾಗಿ 20ಕ್ಕೂ ಹೆಚ್ಚು ಮಂದಿ ಸತ್ತರು. ಮೂರು ತಿಂಗಳಿಗೆ ಕಮಲಾ ಮಿಲ್ಸ್ ಆವರಣದ ಬೆಂಕಿ 14 ಜನರನ್ನು ಬಲಿ ತೆಗೆದುಕೊಂಡಿತು.

ಸರ್ಕಾರಿ ವಸತಿಯ ಪಾಲಿನಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಮನೆಗಳ ಮೊದಲ ಲಾಟರಿ ನಡೆದದ್ದು 2012ರಲ್ಲಿ. ಅರ್ಜಿ ಹಾಕಿದವರು ಲಕ್ಷಕ್ಕೂ ಹೆಚ್ಚು, ಸಿಕ್ಕ ಮನೆಗಳು ಕೆಲವೇ ಸಾವಿರ. 2016ರ ಒಂದು ಲಾಟರಿಯ ಮನೆಗಳಂತೂ ಪರೇಲ್‌ನಲ್ಲಿರಲಿಲ್ಲ, ನಗರದಾಚೆ ಪನ್ವೇಲ್ ಬಳಿಯ ಕೋನ್‌ನಲ್ಲಿದ್ದವು.