ರಕ್ತದ ಕ್ಯಾನ್ಸರ್‌ಗಳಲ್ಲಿ ಹೊಸ ರಕ್ತನಾಳಗಳ ಬೆಳವಣಿಗೆ

ಈಗಾಗಲೇ ಇರುವ ರಕ್ತನಾಳಗಳಿಂದ ಹೊಸ ಕಿರುನಾಳಗಳು ಕವಲೊಡೆದು ಬೆಳೆಯುವ ಕ್ರಿಯೆಯನ್ನು ಆಂಜಿಯೋಜೆನೆಸಿಸ್ ಅಥವಾ ರಕ್ತನಾಳೋತ್ಪತ್ತಿ ಎಂದು ಕರೆಯಲಾಗುತ್ತದೆ. ಭ್ರೂಣದ ಬೆಳವಣಿಗೆಯಲ್ಲಿಯೂ ಗಾಯ ಮಾಯುವಾಗಲೂ ಇದು ಸಹಜವಾಗಿ ನಡೆಯುತ್ತದೆ. ಲ್ಯುಕೇಮಿಯಾ, ಲಿಂಫೋಮಾ ಹಾಗೂ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗಳಲ್ಲಿಯೂ ಇದು ಕಂಡುಬರುತ್ತದೆ.

ಹಿನ್ನೆಲೆ

ಹೊಸ ರಕ್ತನಾಳಗಳಿಲ್ಲದೆ ಕ್ಯಾನ್ಸರ್ ಗೆಡ್ಡೆಯು ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚು ಬೆಳೆಯಲಾರದು ಎಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಪ್ರತಿಪಾದಿಸಿದರು. ರಕ್ತದಲ್ಲಿಯೇ ಸಂಚರಿಸುವ ಕ್ಯಾನ್ಸರ್ ಕೋಶಗಳಿಗೆ ಈ ಮಾತು ಅನ್ವಯಿಸದೆಂಬ ಭಾವನೆ ಬಹುಕಾಲ ಇತ್ತು. ಆದರೆ ಆ ಕೋಶಗಳು ಹೆಚ್ಚಾಗಿ ಹುಟ್ಟಿ ಬೆಳೆಯುವುದು ಮೂಳೆಯೊಳಗಿನ ಅಸ್ಥಿಮಜ್ಜೆಯಲ್ಲಿ. ಸಕ್ರಿಯ ಮೈಲೋಮಾ ರೋಗಿಗಳ ಮಜ್ಜೆಯಲ್ಲಿ ಕಿರುನಾಳಗಳು ದಟ್ಟವಾಗಿರುವುದನ್ನು ಇಟಲಿಯ ಬಾರಿ ನಗರದ ಸಂಶೋಧಕರಾದ ಆಂಜೆಲೊ ವಕ್ಕಾ, ಡೊಮೆನಿಕೊ ರಿಬಾಟ್ಟಿ ಮತ್ತು ಸಂಗಡಿಗರು 1994ರಲ್ಲಿ ವರದಿ ಮಾಡಿದರು. 1997ರಲ್ಲಿ ಮಕ್ಕಳ ಲ್ಯುಕೇಮಿಯಾದಲ್ಲಿಯೂ ಇಂಥದೇ ಬದಲಾವಣೆ ಕಂಡುಬಂದಿತು.

ಕಾರ್ಯವಿಧಾನ

ಕ್ಯಾನ್ಸರ್ ಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ ನಾಳಗಳ ಒಳಪದರದ ಕೋಶಗಳನ್ನು ಪ್ರಚೋದಿಸುತ್ತವೆ. ಮೈಲೋಮಾದಲ್ಲಿ ಈ ಪ್ರಚೋದನೆಗೆ ಪ್ರತಿಯಾಗಿ ಮಜ್ಜೆಯ ಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನನ್ನು ಬಿಡುಗಡೆ ಮಾಡುತ್ತವೆ. ಅದು ಮೈಲೋಮಾ ಕೋಶಗಳ ಬೆಳವಣಿಗೆಗೆ ನೆರವಾಗುತ್ತದೆ. ಹೀಗೆ ಎರಡೂ ಒಂದನ್ನೊಂದು ಪೋಷಿಸುತ್ತವೆ.

ಚಿಕಿತ್ಸೆ

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಔಷಧಿಯಾಗಿ ಮಾರಾಟಕ್ಕೆ ಬಂದ ಥಾಲಿಡೊಮೈಡನ್ನು ಗರ್ಭಿಣಿಯರು ಸೇವಿಸಿದ್ದರಿಂದ ಸಾವಿರಾರು ಶಿಶುಗಳು ಅಂಗವೈಕಲ್ಯದೊಂದಿಗೆ ಜನಿಸಿದವು. 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದು ರಕ್ತನಾಳೋತ್ಪತ್ತಿಯನ್ನು ತಡೆಯುತ್ತದೆಂದು 1994ರಲ್ಲಿ ಫೋಕ್‌ಮನ್ ಅವರ ಪ್ರಯೋಗಾಲಯ ತೋರಿಸಿತು. ಇದರ ಆಧಾರದ ಮೇಲೆ ಅಮೆರಿಕದ ಆರ್ಕನ್ಸಾ ವಿಶ್ವವಿದ್ಯಾಲಯದ ವೈದ್ಯರು, ಅನ್ಯ ಚಿಕಿತ್ಸೆಗಳು ಫಲಿಸದ 84 ಮೈಲೋಮಾ ರೋಗಿಗಳಿಗೆ ಈ ಔಷಧಿಯನ್ನು ನೀಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸುಮಾರು ಮೂರನೆಯ ಒಂದು ಭಾಗದಷ್ಟು ರೋಗಿಗಳಲ್ಲಿ ರೋಗ ತಗ್ಗಿತು.

ಆದರೆ ಗುಣ ಕಂಡವರ ಮಜ್ಜೆಯಲ್ಲಿ ನಾಳಗಳ ದಟ್ಟಣೆ ಗಣನೀಯವಾಗಿ ಇಳಿದಿರಲಿಲ್ಲ. ಈ ಔಷಧಿ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದನ್ನು 2010ರಲ್ಲಿ ಜಪಾನಿನ ಸಂಶೋಧಕರು ಪತ್ತೆಹಚ್ಚಿದರು. ಆ ಮೂಲಕ ಅದು ಮೈಲೋಮಾ ಕೋಶಗಳಿಗೆ ಅಗತ್ಯವಾದ ಇತರ ಪ್ರೋಟೀನುಗಳನ್ನು ನಾಶಪಡಿಸುತ್ತದೆಂಬುದು ಅನಂತರ ತಿಳಿದುಬಂದಿತು. ವಿಇಜಿಎಫ್ ಅನ್ನು ಮಾತ್ರ ತಡೆಯುವ ಬೆವಾಸಿಜುಮ್ಯಾಬ್ ಔಷಧಿಯಿಂದ ಮೈಲೋಮಾದಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ದೊರೆತಿಲ್ಲ. ಆದ್ದರಿಂದ ರಕ್ತನಾಳೋತ್ಪತ್ತಿಯು ರೋಗದ ಪ್ರಗತಿಯ ಸೂಚಕವಾಗಿದ್ದರೂ ಅದನ್ನು ತಡೆಯುವುದೊಂದೇ ಸಾಕಾದ ಚಿಕಿತ್ಸೆಯಲ್ಲ.

ಥಾಲಿಡೊಮೈಡ್ ಮತ್ತು ಅದೇ ವರ್ಗದ ಲೆನಾಲಿಡೊಮೈಡ್ ಇಂದಿಗೂ ಮೈಲೋಮಾ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಗರ್ಭಿಣಿಯರಿಗೆ ಇವು ನಿಷಿದ್ಧ.